ಆಚಾರ್ರ ಕಂಪ್ಯೂಟರಿನ ಹಸಿರು ಗುಡ್ಡ

ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಲ್ಯಾಪ್‌ಟಾಪಿನ ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಆಯುಧಪೂಜೆ ನೋಡಿ, ನನ್ನ ಹೆಂಡತಿಗೆ ಮಿಕ್ಸಿಯೂ ಒಂದೇ, ಲ್ಯಾಪ್‌ಟಾಪೂ ಒಂದೇ. ಸದ್ಯ, ತೊಳೆದಿಲ್ಲವಲ್ಲ! ತೊಳೆದವರನ್ನು ಕಂಡವನು ಸ್ವಾಮಿ ನಾನು.

ಪಾಂಡವಪುರದಲ್ಲಿ ನನಗೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದ್ದ ಕಾಲ. ಎದುರಿಗೇ ಪುಟ್ಟಾಚಾರ್ರ ಮರಗೆಲಸದ ಶೆಡ್ಡು. ಬಾಗಿಲ ಮೇಲೆ ಹೂಬಳ್ಳಿ ಕೆತ್ತುವ ಮೆಷಿನ್ನು ತಂದಿದ್ದರು. ಅದನ್ನು ಕುಣಿಸುವುದಕ್ಕೊಂದು ಕಂಪ್ಯೂಟರು. ಆ ವರ್ಷ ಆಯುಧಪೂಜೆಗೆ ಉಳಿ, ಬಾಚಿ, ಗರಗಸದ ಜೊತೆ ಕಂಪ್ಯೂಟರನ್ನೂ ನಲ್ಲಿ ಕೆಳಗೆ ಹಿಡಿದು ತೊಳೆದರು. ಭಕ್ತಿಯೇನೋ ದೊಡ್ಡದೇ. ಕಂಪ್ಯೂಟರು ಶಿವನ ಪಾದ ಸೇರಿತು.

ಮೆಷಿನ್ನಿನ ಮೇಲೆ ಅರ್ಧ ಕೆತ್ತಿದ ತೇಗದ ಬಾಗಿಲು. ಆಚಾರ್ರು ಬೂಕನಕೆರೆಗೆ ಮದುವೆ ಮಾಡಿಕೊಟ್ಟಿದ್ದ ತಂಗಿ ಗಾಯತ್ರಿಯ ಹೊಸ ಮನೆಗೆ ತೌರಿನ ಉಡುಗೊರೆ. ಶುಕ್ರವಾರವೇ ಗೃಹಪ್ರವೇಶ.

"ಬಾಗ್ಲಿಲ್ದೆ ಅವ್ಳು ಎಂಗ್ಲಾ ಒಳಕ್ ಕಾಲಿಡ್ತಾಳೆ? ಅವ್ರತ್ತೆ ಮನೆಯೋರ ಮುಂದೆ ನನ್ ಮಾನ ಓಯ್ತದೆ ಕಣ್ಲಾ," ಎಂದು ಆಚಾರ್ರು ಗೋಳಾಡಿದರು.

ಡಿಸ್ಕು ಒಣಗಿಸಿದ ಮೇಲೆ ಬದುಕಿತ್ತು. ಆದರೆ ಬೇರೆ ಕಂಪ್ಯೂಟರಿಗೆ ಹಾಕಿದರೆ ಏಳಲೊಲ್ಲದು. ಹೊಸದಾಗಿ ವಿಂಡೋಸ್ ಹಾಕೋಣವೆಂದರೆ ಕೆತ್ತನೆ ಮೆಷಿನ್ನಿನದು ಮಹಾ ಮಡಿ. ಮೊದಲಿದ್ದ ವಿಂಡೋಸೇ ಬೇಕು, ಬೇರೆಯದನ್ನು ಮುಟ್ಟಿಸಿಕೊಳ್ಳದು.

"ಯಾವ್ದಿತ್ತು ಆಚಾರ್ರೇ?"

"ಆನ್ ಮಾಡುದ್ರೆ ಅಸ್ರು ಗುಡ್ಡ, ಮ್ಯಾಲೆ ನೀಲಿ ಆಕಾಸ. ಮೊದ್ಲಿಂದ್ಲೂ ಅದೇಯ."

ಹಸಿರು ಗುಡ್ಡವೆಂದರೆ ಹಳೆಯ ವಿಂಡೋಸ್ ಎಕ್ಸ್‌ಪಿ, ಇದೇನು ಬ್ರಹ್ಮವಿದ್ಯೆಯೇ ಎಂದು ಮೀಸೆ ತಿರುವಿ ಇನ್ನೊಂದು ಕಂಪ್ಯೂಟರಿಗೆ ಅದನ್ನೇ ಹಾಕಿದೆ. ಮೆಷಿನ್ನು ಮಿಸುಕಲಿಲ್ಲ. ತಿರುವಿದ ಮೀಸೆ ತಾನಾಗಿ ಇಳಿಯಿತು.

ಆಮೇಲೆ ಹಳೆಯ ಡಿಸ್ಕನ್ನು ಪೆನ್‌ಡ್ರೈವಿನ ಹಾಗೆ ನನ್ನ ಕಂಪ್ಯೂಟರಿಗೆ ಸಿಕ್ಕಿಸಿ ಒಳಗೆ ಇಣುಕಿದೆ. ಎಕ್ಸ್‌ಪಿ ಆಗಿದ್ದರೆ ಬಳಸುವವರ ಹೆಸರು 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ಎಂಬ ಫೋಲ್ಡರಿನಲ್ಲಿರಬೇಕು. ಇಲ್ಲಿದ್ದದ್ದು 'ಯೂಸರ್ಸ್'. ಅನುಮಾನ ಬಂತು. ವಿಂಡೋಸ್ ಫೋಲ್ಡರಿನ ಒಂದು ಫೈಲಿನ ವಿವರ ತೆಗೆದರೆ ಆವೃತ್ತಿ 6.1 ಎಂದಿತ್ತು. ಅಯ್ಯೋ ಶಿವನೇ, ಇದು ವಿಂಡೋಸ್ ಸೆವೆನ್! ಮತ್ತೆ ಆ ಗುಡ್ಡ? 'ಯೂಸರ್ಸ್' ಒಳಗೆ ಒಂದು ಹೆಸರು ಕಾಣಿಸಿತು: ಗಾಯತ್ರಿ.

ಫೋನ್ ಮಾಡಿದೆವು. ಅತ್ತ ಕಡೆಯಿಂದ ನಗು. "ಮದ್ವೆಗೆ ಮುಂಚೆ ನಾನೇ ಒಸಾ ವಿಂಡೋಸ್ ಆಕ್ಸಿದ್ದೆ ಕಣಣ್ಣ. ಗುಡ್ಡ ಕಾಣ್ದಿದ್ರೆ ನೀನು ಎದ್ರುಕೊಂಡು ಮೆಷಿನ್ನೇ ಮುಟ್ಟೋನಲ್ಲ ಅಂತ ಅಳೇ ಚಿತ್ರನೇ ಆಕ್ಬುಟ್ಟಿದ್ದೆ."

ಆಚಾರ್ರು ಫೋನು ಕೆಳಗಿಟ್ಟರು. "ನೋಡ್ಲಾ, ನನ್ಗೆ ಗೊತ್ತೇ ಆಗ್ದಂಗೆ ಎಲ್ಲಾ ಸರಿ ಮಾಡ್ಬುಟ್ಟು ಓಗವ್ಳೆ," ಎಂದರು.

ಸೆವೆನ್ ಹಾಕಿದೆ, ಮೆಷಿನ್ನು ಗುರ್ರೆಂದಿತು. ಆಚಾರ್ರು ಮಾತ್ರ ಕೈ ಹಿಂದಕ್ಕೆಳೆದುಕೊಂಡರು. ಗುಡ್ಡ ಇಲ್ಲವಲ್ಲ! ಹಳೆಯ ಡಿಸ್ಕಿನಿಂದ ಚಿತ್ರ ತಂದು ಹಾಕಿದ ಮೇಲೇ ಕೆತ್ತನೆ ಮುಂದುವರಿದದ್ದು. ಶುಕ್ರವಾರ ಗಾಯತ್ರಿ ಅದೇ ಬಾಗಿಲಲ್ಲಿ ಬಲಗಾಲಿಟ್ಟು ಒಳಗೆ ಹೋದಳು.

ಪ್ರತಿ ವರ್ಷ ಪೂಜೆ ಮುಗಿದದ್ದೇ ಗೊಣಗುತ್ತಾ ಲ್ಯಾಪ್‌ಟಾಪ್ ಒರೆಸುವವನು ನಾನು. ಇವತ್ತೂ ಬಟ್ಟೆ ಕೈಗೆತ್ತಿಕೊಂಡೆ. ನನಗೆ ಗೊತ್ತೇ ಆಗದ ಹಾಗೆ ಈ ಮನೆಯಲ್ಲಿ ಇವಳು ಏನೇನು ಸರಿಮಾಡಿಟ್ಟಿದ್ದಾಳೋ ಅನ್ನಿಸಿ ಬಟ್ಟೆ ಕೆಳಗಿಟ್ಟೆ.

"ಯಾಕ್ರೀ, ಈ ಸಲ ಒರ್ಸಲ್ವಾ?" ಎಂದಳು.

"ಇರ್ಲಿ ಬುಡು," ಎಂದೆ.