ಎರಡನೆಯ ಕುದಿ

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಕಷಾಯದಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಚೀನೀ ವೈದ್ಯಪದ್ಧತಿಯ ಬೇರು, ತೊಗಟೆ, ಒಣಹೂ ಕುದಿಸಿದವನಿಗೆ ಬೇರೆ ಹೆಸರು ಒಪ್ಪುವುದೂ ಇಲ್ಲ ಬಿಡಿ. ಮೊದಲು ತೂಗಿ ನೆನೆಹಾಕಬೇಕು. ಮಣ್ಣಿನ ಗಡಿಗೆಯಲ್ಲಿ ಒಂದು ಕುದಿ. ಸೋಸಿಟ್ಟು, ಅದೇ ಚರಟಕ್ಕೆ ಮತ್ತೆ ನೀರು ಹೊಯ್ದು ಎರಡನೆಯ ಕುದಿ. ಆಮೇಲೆ ಎರಡನ್ನೂ ಬೆರೆಸಬೇಕು. ಯಾರಾದರೂ ಅವಸರಪಡಿಸಿದರೆ, "ಅರ್ಧಂಬರ್ಧ ಔಷಧಿ ನನ್ ಕೈಯಿಂದ ಹೋಗಲ್ಲ" ಎಂದು ಮುಖ ತಿರುಗಿಸುತ್ತಿದ್ದ.

ಕಷಾಯ ಹೋಗುತ್ತಿದ್ದುದು ಇಲಿಗಳಿಗೆ. ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿ, ಲಕ್ವ ಬರಿಸಿದ ಇಲಿಗಳು. ಸಂಶೋಧನೆ ನಡೆಸುತ್ತಿದ್ದ ಮೇಡಮ್ ಒಮ್ಮೆ ಅವನಿಗೆ ಬಿಡಿಸಿ ಹೇಳಿದ್ದರು. "ರಕ್ತ ನಿಂತಾಗ ಜೀವಕೋಶ ತನ್ನೊಳಗಿನ ಕಸಾನ ತಾನೇ ತಿಂದು ಉಳ್ಕೊಳ್ಳತ್ತೆ ಅಣ್ಣ. ಮಿತಿ ಮೀರಿದ್ರೆ ತನ್ನನ್ನೇ ತಿಂದ್ಕೊಂಡು ಸಾಯತ್ತೆ. ನಿಮ್ ಕಷಾಯ ಅದನ್ನ ಹದದಲ್ಲಿ ಇಡತ್ತಾ ಅಂತ ನೋಡ್ತಿದೀವಿ." ಹದ ಎಂದರೆ ಅವನಿಗೆ ಗೊತ್ತು, ಅವನ ಕಸುಬೇ ಅದು. ಅಲ್ಲಿಂದ ಮುಂದೆ ಏನನ್ನೂ ಕೇಳಲಿಲ್ಲ. ಕಷಾಯ ಕುಡಿಯದ ಇಲಿಗಳು ಪಂಜರದಲ್ಲಿ ಒಂದೇ ಕಡೆಗೆ ಗಿರಗಿರ ಸುತ್ತುತ್ತಿದ್ದವು, ಕುಡಿದವು ಹೆಚ್ಚುಕಡಿಮೆ ನೆಟ್ಟಗೆ ನಡೆಯುತ್ತಿದ್ದವು. ಕಷಾಯ ಕೊಡಲು ಹೋದಾಗ ಬಾಗಿಲಿನಿಂದ ಅಷ್ಟು ಕಣ್ಣಾರೆ ಕಂಡಿದ್ದೇ ಸಾಕಾಯಿತು, ಮನೆಗೆ ಬಂದು ಜಂಬ ಕೊಚ್ಚಲು.

ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೂ ಮಾತು ನಿಲ್ಲಿಸದವಳು. "ಇಲಿಗಳಿಗೆಲ್ಲ ಅಷ್ಟು ಚೆನ್ನಾಗಿ ಮಾಡ್ಕೊಡ್ತೀರ, ನನಗೊಂದು ಲೋಟ ಚಹಾ ಮಾಡೋಕೆ ಏನು ರೋಗ?" ಎಂದು ಕಾಲೆಳೆಯುತ್ತಿದ್ದಳು.

ಒಂದು ಭಾನುವಾರ ಬೆಳಗ್ಗೆ ಎಂಟರ ಸುಮಾರಿಗೆ ಅವಳ ಬಲಗೈಯಿಂದ ಕತ್ತರಿ ಜಾರಿತು. ಬಾಯಿ ಪಕ್ಕಕ್ಕೆ ಎಳೆದುಕೊಂಡಿತು. ನೋಡಿದ ಕೂಡಲೇ ಅವನಿಗೆ ಲಕ್ವ ಎಂದು ತಿಳಿದುಹೋಯಿತು. ಕೆಟ್ಟದ್ದೇ ಅದು. ಏನೂ ತಿಳಿಯದವನಾಗಿದ್ದರೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದ. ಇವನು ಅಡುಗೆಮನೆಗೆ ಓಡಿದ.

ಅದೇ ಬೇರುಗಳು ಮನೆಯಲ್ಲೂ ಒಂದಿಷ್ಟು ಇದ್ದವು. ಅರ್ಧ ಗಂಟೆ ನೆನೆಹಾಕಿದ. ಒಂದು ಗಂಟೆ ಮೊದಲ ಕುದಿ, ಒಂದು ಗಂಟೆ ಎರಡನೆಯದು. ಅವತ್ತೂ ಉರಿ ಏರಿಸಲಿಲ್ಲ. ಆಸ್ಪತ್ರೆ ಇದ್ದುದು ಹತ್ತು ನಿಮಿಷದ ದಾರಿಯಲ್ಲಿ. ಕುಡಿಸಿದ್ದರಲ್ಲಿ ಅರ್ಧ ಅವಳ ಗಲ್ಲದ ಮೇಲೆ ಹರಿಯಿತು, ಉಳಿದದ್ದಕ್ಕೆ ಕೆಮ್ಮಿದಳು. ಗುಣ ಕಾಣಲಿ ಎಂದು ಇನ್ನೂ ಎರಡು ಗಂಟೆ ಅವಳ ಕೈ ಹಿಡಿದು ಕೂತ. ಕಾಲೂ ಬಿದ್ದುಹೋದ ಮೇಲೆ ಗಾಡಿ ಕರೆದ.

"ಯಾವಾಗ ಶುರುವಾಯ್ತು?" ಎಂದರು ಡಾಕ್ಟರು. ಹೇಳಿದ. ಅವರು ಗಡಿಯಾರ ನೋಡಿದರು. "ನಾಲ್ಕೂವರೆ ಗಂಟೆಯೊಳಗೆ ಬಂದಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡಬಹುದಿತ್ತು. ಈಗ ಆಗಲ್ಲ."

ಮೂರನೆಯ ದಿನ ಮೇಡಮ್ ನೋಡಲು ಬಂದರು. ಅವನು ವರಾಂಡದಲ್ಲಿ ಅವರನ್ನು ತಡೆದು, "ನಮ್ ಇಲಿಗಳಿಗೆ ಗುಣ ಆಗ್ತಿತ್ತಲ್ಲ ಮೇಡಮ್" ಎಂದ.

ಮೇಡಮ್ ಅವನನ್ನು ಬೆಂಚಿನ ಮೇಲೆ ಕೂರಿಸಿದರು. "ಅಣ್ಣ, ಅವಕ್ಕೆ ನಾಳ ಕಟ್ಟೋಕೆ ಏಳು ದಿನ ಮುಂಚೆಯಿಂದ್ಲೇ ಕುಡಿಸ್ತಿದ್ವಿ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಕಷಾಯ ಬಾಗಿಲಲ್ಲಿ ಒಪ್ಪಿಸಿ ಬರುವವನಿಗೆ ಯಾವ ಇಲಿಗೆ ಯಾವಾಗ ಕುಡಿಸಿದರು ಎಂಬುದು ಹೇಗೆ ಗೊತ್ತಾಗಬೇಕು? ಆದರೆ ಕೇಳಬಹುದಿತ್ತು. ಅದೊಂದು ಮಾತು ಅವನನ್ನು ಹಗಲೆಲ್ಲ ಕೊರೆಯಿತು.

ಹೆಂಡತಿ ಉಳಿದಳು. ಎಲ್ಲ ಅರ್ಥವಾಗುತ್ತಿತ್ತು, ಒಂದು ಪದವೂ ಹೊರಡುತ್ತಿರಲಿಲ್ಲ. ನೋಡಿಕೊಳ್ಳಲು ಬಂದು ನಿಂತ ಮಗಳು, ಬಂದವರಿಗೆಲ್ಲ "ಸದ್ಯ, ಅಪ್ಪ ಮನೇಲಿದ್ರು, ಅಮ್ಮ ಉಳಿದ್ಲು" ಎನ್ನುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಹೇಳಿದರೆ ಇರುವ ಒಬ್ಬಳು ಮಗಳೂ ದೂರವಾಗುತ್ತಾಳೆ, ಹೇಳದಿದ್ದರೆ ಹಾಸಿಗೆಯಿಂದ ಆ ಎರಡು ಕಣ್ಣುಗಳು ನೋಡುತ್ತಿರುತ್ತವೆ.

ಒಂದು ಮಧ್ಯಾಹ್ನ ಹೆಂಡತಿಗೆ ಗಂಜಿ ಕುಡಿಸುತ್ತಿದ್ದಾಗ ಮಗಳು ಮತ್ತೆ ಅದೇ ಮಾತೆತ್ತಿದಳು. ಅವನು ಚಮಚ ಕೆಳಗಿಟ್ಟು, ಆ ಐದು ಗಂಟೆಗಳ ಕಥೆಯನ್ನು ಒಂದೂ ಬಿಡದೆ ಹೇಳಿದ.

"ಅಮ್ಮ ಏನೂ ಅನ್ಲಿಲ್ವಾ?"

"ಅಂದ್ಳು. ಆಗಿನ್ನೂ ಮಾತಿತ್ತು. ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದ್ಳು. ಆಮೇಲೆ ಮತ್ತೇನೂ ಅಂದಿಲ್ಲ."

ಮಗಳು ಅವನ ಕೈಯಿಂದ ಬಟ್ಟಲು ತೆಗೆದುಕೊಂಡು ಅಮ್ಮನ ಪಕ್ಕದಲ್ಲಿ ತಾನು ಕೂತಳು. ಬೈಯಲಿಲ್ಲ, ಊರಿಗೂ ಹೊರಡಲಿಲ್ಲ. ಆದರೆ ಅವತ್ತಿನಿಂದ ಅಮ್ಮನಿಗೆ ಒಂದು ಗುಟುಕು ನೀರನ್ನೂ ಅವನ ಕೈಯಿಂದ ಕೊಡಲು ಬಿಡಲಿಲ್ಲ.