ಪೊರಕೆಯ ಎರಡು ಸಾಲು

ಬೆರಳು ನೋಡಿಯೇ ಕಸುಬು ಹೇಳಬಹುದಾದ ಕಾಲ ಒಂದಿತ್ತು. ನಮ್ಮ ಚಿಕ್ಕಮ್ಮನ ಬೆರಳ ತುದಿ ಸದಾ ನೀಲಿ. ಕಾರ್ಬನ್ ಹಾಳೆಯ ನೀಲಿ, ಯಾವ ಸೋಪಿಗೂ ಬಗ್ಗದ್ದು. ಕಚೇರಿಯಲ್ಲಿ ಅವಳಿಗೆ ಕಾರ್ಬನ್ನಮ್ಮ ಅಂತಲೇ ಹೆಸರು. ಚಿಕ್ಕಪ್ಪನೂ ಆಗಾಗ ಹಾಗೆ ಕೂಗಿ, ಆ ದಿನ ತಣ್ಣಗಿನ ಊಟ ಉಣ್ಣುತ್ತಿದ್ದ.

ಇಪ್ಪತ್ತೊಂಬತ್ತು ವರ್ಷ ಅವಳು ದುಡಿದದ್ದು ಒಂದು ವಿಜ್ಞಾನ ಪತ್ರಿಕೆಯಲ್ಲಿ. ಕಚೇರಿ ಅಂದರೆ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಹೊರಗಿನದರಲ್ಲಿ ಚಿಕ್ಕಮ್ಮ, ಟೈಪ್‌ರೈಟರು, ಬಾಗಿಲು ಕಿರುಗುಟ್ಟುವ ಕಬ್ಬಿಣದ ಬೀರು. ಒಳಗಿನದರಲ್ಲಿ ಸಂಪಾದಕರು. ಸಂಜೆ ಅವಳು ಮನೆಗೆ ಬಂದರೆ ಸೀರೆಯಲ್ಲಿ ಟೈಪ್ ರಿಬ್ಬನ್ನಿನ ಎಣ್ಣೆವಾಸನೆ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನಾನು ತಿರುಗಿ ನೋಡುತ್ತೇನೆ.

ಹಿಂದೆ ಆ ಪತ್ರಿಕೆಯಲ್ಲಿ ನ್ಯಾಯ ಅಂದರೆ ಸಂಪಾದಕರ ತಲೆ. ಅವರು ಹೂಂ ಅಂದರೆ ಲೇಖನ ಅಚ್ಚಿಗೆ, ಊಹೂಂ ಅಂದರೆ ವಾಪಸ್ಸು ಅಂಚೆಗೆ. ಆಮೇಲೆ ವಿದ್ಯೆ ಕವಲೊಡೆಯಿತು, ಜೇನು ಬಲ್ಲವರಿಗೆ ಜೇಡ ಗೊತ್ತಿಲ್ಲ ಅನ್ನುವಂತಾಯಿತು. ಆಗ ಬಂದ ಪದ್ಧತಿ, ಅದೇ ವಿಷಯ ಬಲ್ಲ ಇಬ್ಬರಿಗೆ ಲೇಖನ ಕಳಿಸಿ ಅಭಿಪ್ರಾಯ ಕೇಳುವುದು. ಅವರು ಪರಿಶೀಲಕರು. ಬರೆದವರ ಹೆಸರು ಪರಿಶೀಲಕರಿಗೆ ಗೊತ್ತು, ಪರಿಶೀಲಕರ ಹೆಸರು ಬರೆದವರಿಗೆ ಗೊತ್ತಿಲ್ಲ. ಪರದೆ ಒಂದೇ ಕಡೆ. ಕೈಬರಹದಿಂದ ಗುರುತು ಸಿಗಬಾರದು ಅಂತ ಪರಿಶೀಲಕರು ಬರೆದದ್ದನ್ನೆಲ್ಲ ಚಿಕ್ಕಮ್ಮ ಟೈಪ್ ಮಾಡಬೇಕು. ಒಂದು ಚುಕ್ಕೆಯೂ ಹೆಚ್ಚುಕಮ್ಮಿ ಆಗುವಂತಿಲ್ಲ. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರಲ್ಲ, ಹಾಗೆ, ಕೊನೆಗೆ ಬಡಿಸುವ ಕೈ ಅವಳದು.

ಒಂದು ಸಲ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಹೆಂಗಸಿನಿಂದ ಲೇಖನ ಬಂತು. ಹರಿದ ಬಲೆಯನ್ನು ಜೇಡ ಯಾವ ಎಳೆಯಿಂದ ರಿಪೇರಿ ಶುರುಮಾಡುತ್ತದೆ ಅಂತ ಆರು ವರ್ಷ ನೋಡಿ ಬರೆದದ್ದು. ಜೊತೆಗೆ ಮಸಿಯಲ್ಲಿ ಬಿಡಿಸಿದ ನಲವತ್ತು ಚಿತ್ರ. ಚಿಕ್ಕಮ್ಮ ಆಕೆಗೆ ಜೇಡದ ಮೇಡಂ ಅಂತ ಹೆಸರಿಟ್ಟಳು. ಮೊದಲ ಪರಿಶೀಲಕರು ಚೆನ್ನಾಗಿದೆ ಅಂದರು. ಎರಡನೆಯವರು ದೊಡ್ಡ ಪ್ರೊಫೆಸರು. ಅವರ ಅಕ್ಷರ ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗೆ. ಓದಬಲ್ಲವಳು ಚಿಕ್ಕಮ್ಮ ಒಬ್ಬಳೇ. ಸಂಪಾದಕರು ಕೂಡ ಅವಳು ಟೈಪ್ ಮಾಡಿಕೊಟ್ಟದ್ದನ್ನೇ ಓದುತ್ತಿದ್ದರು.

ಪ್ರೊಫೆಸರು ಲೇಖನ ಪ್ರಕಟಣೆಗೆ ತಕ್ಕದ್ದಲ್ಲ ಅಂತ ನಾಲ್ಕು ಸಾಲು ಬರೆದು, ಕೆಳಗೆ ಎರಡು ಸಾಲು ಸೇರಿಸಿದ್ದರು: ‘ಇದು ಮನೆ ಗುಡಿಸುವಾಗ ಹುಟ್ಟಿದ ವಿದ್ಯೆ. ಈಕೆ ಮತ್ತೆ ಪೊರಕೆ ಹಿಡಿದರೆ ಮನೆಗಾದರೂ ಲಾಭ.’

ಚಿಕ್ಕಮ್ಮನ ಕೈ ಓಡಲಿಲ್ಲ. ಆರು ವರ್ಷ ದುಡಿದ ಹೆಣ್ಣು ಇದನ್ನು ಓದಬೇಕೇ ಅನ್ನಿಸಿತು. ಅಷ್ಟು ವರ್ಷದಲ್ಲಿ ಮೊದಲ ಬಾರಿ ಎರಡು ಸಾಲು ಬಿಟ್ಟಳು. ಪ್ರೊಫೆಸರ ಕೈಬರಹದ ಮೂಲವನ್ನು ಬೀರುವಿಗೆ ಸೇರಿಸಿದಳು. ದೊಡ್ಡವರ ಮಾತು ಅಂತ ಸಂಪಾದಕರು ಎರಡನೆಯ ಅಭಿಪ್ರಾಯವನ್ನೇ ಹಿಡಿದು ಲೇಖನ ವಾಪಸ್ಸು ಮಾಡಿದರು. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡು ಚಿಕ್ಕಮ್ಮ ಅವತ್ತು ನೆಮ್ಮದಿಯಾಗಿ ಮನೆಗೆ ಬಂದಳು.

ಎರಡು ತಿಂಗಳಿಗೆ ಜೇಡದ ಮೇಡಂ ತಾವೇ ಬಂದರು. ಕಚೇರಿಯಲ್ಲೇ ಉಳಿದಿದ್ದ ಚಿತ್ರಗಳನ್ನು ತೆಗೆದುಕೊಂಡು ಹೋಗಲಿಕ್ಕೆ. ಇನ್ನು ಈ ಕೆಲಸ ಸಾಕು, ಜೇಡಗಳ ಪೆಟ್ಟಿಗೆಗಳನ್ನೂ ಖಾಲಿ ಮಾಡುತ್ತೇನೆ ಅಂದರು. ಇನ್ನೊಂದು ಪತ್ರಿಕೆಗೆ ಕಳಿಸಬಾರದೇ ಅಂತ ಚಿಕ್ಕಮ್ಮ ಕೇಳಿದಳು.

“ಇಲ್ಲಮ್ಮ. ಬೈದಿದ್ದರೆ ಜಗಳ ಆಡಬಹುದಿತ್ತು. ಎಷ್ಟು ಮರ್ಯಾದೆಯಾಗಿ ಬರೆದಿದ್ದಾರೆ ನೋಡಿ. ದ್ವೇಷ ಇಲ್ಲದವರು ಬೇಡ ಅಂದಮೇಲೆ, ತಪ್ಪು ನನ್ನ ಕೆಲಸದಲ್ಲೇ ಇರಬೇಕು.”

ತಾನು ಮಾಡಿದ್ದೇನು ಅಂತ ಚಿಕ್ಕಮ್ಮನಿಗೆ ಆಗ ಹೊಳೆಯಿತು. ಮುಳ್ಳು ತೆಗೆಯುತ್ತೇನೆ ಅಂತ ಹೋಗಿ ಸಾಕ್ಷಿಯನ್ನೇ ಕಿತ್ತು ಬಿಸಾಕಿದ್ದಳು. ಆ ಎರಡು ಸಾಲು ಇದ್ದಿದ್ದರೆ, ಪ್ರೊಫೆಸರು ನೋಡಿದ್ದು ಜೇಡವನ್ನಲ್ಲ, ಹೆಣ್ಣನ್ನು ಅಂತ ಕುರುಡರಿಗೂ ಕಾಣುತ್ತಿತ್ತು. ಮೇಡಂ ಅವರನ್ನು ಕೂರಿಸಿ, ಬೀರು ತೆಗೆದು, ಮೂಲ ಹಿಡಿದು ಒಳಗೆ ಹೋದಳು. ಕೆಲಸ ಹೋದರೆ ಹೋಗಲಿ ಅಂತಲೇ ಹೋದದ್ದು.

ಸಂಪಾದಕರು ಅವಳಿಂದಲೇ ಓದಿಸಿಕೊಂಡರು.

“ಇದನ್ನ ಬಿಡಿ ಅಂತ ಯಾರು ಹೇಳಿದ್ದು ನಿಮಗೆ?”

“ಯಾರೂ ಇಲ್ಲ ಸರ್. ಪಾಪ ಅನ್ನಿಸ್ತು.”

“ಪಾಪ ಅನ್ನೋದಕ್ಕೆ ಇಲ್ಲಿ ಕುರ್ಚಿ ಇಲ್ಲಮ್ಮ. ನನ್ನನ್ನೂ ಕುರುಡು ಮಾಡಿದಿರಿ.” ಆಮೇಲೆ ತಾವೇ ಅಂದರು, “ನಾನೂ ದೊಡ್ಡ ಹೆಸರು ನೋಡಿ ಕಣ್ಣು ಮುಚ್ಚಿದ್ದೆ ಅನ್ನಿ.”

ಕೆಲಸ ಉಳಿಯಿತು. ಪೂರ್ತಿ ಅಭಿಪ್ರಾಯ ಟೈಪಾಗಿ ಮೇಡಂ ಕೈ ಸೇರಿತು. ವಾರದೊಳಗೆ ಆಕೆಯಿಂದ ಮೂರು ಪುಟದ ಕಾಗದ ಬಂತು, ಬೆಂಕಿಯಂಥದ್ದು. ಬೇರೆ ಪರಿಶೀಲಕರು ಬೇಕು ಅಂತ ಬೇಡಿಕೆ. ಕೊನೆಯಲ್ಲಿ ಒಂದು ಮಾತು: ಅವಮಾನ ಮಾಡಿದವರಿಗಿಂತ ಅದನ್ನು ಮುಚ್ಚಿಟ್ಟವರು ನನಗೆ ಹೆಚ್ಚು ಕೆಡುಕು ಮಾಡಿದರು. ಬೇಡಿಕೆ ಒಪ್ಪಬೇಕಾದವರು ಸಂಪಾದಕ ಮಂಡಳಿಯ ಐವರು, ಕಾಗದದ ಪ್ರತಿ ಅವರೆಲ್ಲರಿಗೂ ಹೋಗಬೇಕಿತ್ತು. ಆ ಕೊನೆಯ ಮಾತು ಬೇಕಾದರೆ ಬಿಡಿ ಅಂತ ಸಂಪಾದಕರೇ ಅಂದರಂತೆ. ಚಿಕ್ಕಮ್ಮ ಬಿಡಲಿಲ್ಲ. ಐದು ಪ್ರತಿಯಲ್ಲೂ ಸ್ಪಷ್ಟವಾಗಿ ಮೂಡಲಿ ಅಂತ ಕೀಲಿಗಳನ್ನು ಒತ್ತಿ ಒತ್ತಿ ಹೊಡೆದಳು.

ಹೊಸ ಪರಿಶೀಲಕರು ಹದಿನೇಳು ತಪ್ಪು ಹಿಡಿದರು. ಒಂದರಲ್ಲೂ ಪೊರಕೆ ಇರಲಿಲ್ಲ, ಬರೀ ಜೇಡ. ಮೇಡಂ ಹದಿನೈದನ್ನು ಒಪ್ಪಿ ತಿದ್ದಿದರು, ಉಳಿದ ಎರಡಕ್ಕೆ ಎಂಟು ತಿಂಗಳು ಕಾಗದದಲ್ಲೇ ಜಗಳ ಆಡಿ ಒಂದರಲ್ಲಿ ಗೆದ್ದರು. ಲೇಖನ ಮರುವರ್ಷ ಅಚ್ಚಾಯಿತು. ಆ ಜಗಳದ ಕಾಗದಗಳಷ್ಟು ಖುಷಿಯಿಂದ ತಾನು ಇನ್ನೇನನ್ನೂ ಟೈಪ್ ಮಾಡಲಿಲ್ಲ ಅನ್ನುತ್ತಿದ್ದಳು ಚಿಕ್ಕಮ್ಮ.