ಈ ವಯಸ್ಸಿನಲ್ಲಿ ಹೊರಗೆ ಕೂತದ್ದು

ಮೊಮ್ಮಕ್ಕಳನ್ನು ಕಂಡ ಮುದುಕಿಯೊಬ್ಬಳು ಬೆಳಗಾಗೆದ್ದು, "ನಾ ಇವತ್ತು ಹೊರಗ ಕೂತೀನಿ, ಒಲಿ ಮುಟ್ಟಾಕ ಬರೂದಿಲ್ಲ" ಅಂದರೆ ನೀವೇನು ಮಾಡುತ್ತೀರಿ? ನಗುತ್ತೀರೋ, ಬೈಯುತ್ತೀರೋ? ಯೋಚಿಸಿ ಉತ್ತರ ಕೊಡಿ. ಆ ಮುದುಕಿ ನಾನೇ.

ನನಗೆ ಹಾಡು ಕಟ್ಟುವ ಚಟ. ಹುಟ್ಟಿದ್ದು ನವಲಿಯಲ್ಲಿ. ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ಹಚ್ಚುವಾಗ ಪಕ್ಕದವರನ್ನು ನಗಿಸಲಿಕ್ಕೆ ಎರಡು ಮೂರು ಸಾಲು ಕಟ್ಟಿ ಒಗೆಯುತ್ತಿದ್ದೆ. ಗದ್ದೆ ಸಾಹುಕಾರನ ಹೊಟ್ಟೆ, ಅವನ ಹೆಂಡತಿಯ ನತ್ತು, ಯಾವುದನ್ನೂ ಬಿಡುತ್ತಿರಲಿಲ್ಲ. ಮದುವೆಯಾಗಿ ಯಲಬುರ್ಗಾ ಕಡೆಯ ಈ ಎರೆಹೊಲಕ್ಕೆ ಬಂದ ಮೇಲೆ ಭತ್ತ ಹೋಗಿ ಜೋಳ ಬಂತು, ಹಾಡು ಮಾತ್ರ ನಿಲ್ಲಲಿಲ್ಲ. ನಾಲ್ಕನೆಯ ಇಯತ್ತೆ ಓದಿದವಳು, ಬರೆದಿಡಬಹುದಿತ್ತು. ತಲೆಯಲ್ಲೇ ಇದ್ದದ್ದನ್ನು ಬರೆಯುವುದು ಯಾಕೆ ಅಂತ ಸುಮ್ಮನಿದ್ದೆ. ಈಗ ತಲೆ ಸೋರತೊಡಗಿದೆ. ಮೊದಲ ಸಾಲು ನೆನಪಾದರೆ ಕೊನೆಯದು ಮಾಯ. ಹೀಗೇ ಬಿಟ್ಟರೆ ನಾನು ಹೋಗುವುದಕ್ಕೆ ಮುಂಚೆ ನನ್ನ ಹಾಡುಗಳೇ ಹೋಗುತ್ತವೆ ಅನ್ನುವ ಭಯ ಹುಟ್ಟಿತು.

ಅದು ಮೊದಲು ಗೊತ್ತಾಗಿದ್ದು ಸೊಸೆಗೆ. ಊರ ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ತನ್ನ ಹಳೆಯ ಫೋನು ತಂದು ನನ್ನ ಕೈಗಿಟ್ಟಳು.

"ಅತ್ತೀ, ನೆನಪಿದ್ದಷ್ಟು ಇದರಾಗ ಹಾಕ್ರಿ. ಇದು ಮರಿಯೂದಿಲ್ಲ."

ಅಕ್ಷರ ಒತ್ತುವುದನ್ನೂ ಅವಳೇ ಕಲಿಸಿದಳು. ಒತ್ತಕ್ಷರ ಅಂದರೆ ನನಗೂ ಫೋನಿಗೂ ಜಗಳ. ಮೊದಲ ದಿನ "ಅಕ್ಕ" ಅಂತ ಹಾಕಲು ಹೋಗಿ "ಅಕಕ" ಆಯಿತು. ಸೊಸೆ ಇಣುಕಿ ನೋಡಿ, "ಕೋಳಿ ಕೂಗಿದಂಗ ಐತಲ್ರಿ" ಅಂದಳು.

ಅಂತೂ ಕಲಿತೆ. ಆದರೆ ಕೂತು ಹಾಕುವುದು ಎಲ್ಲಿ? ಪಡಸಾಲೆಯಲ್ಲಿ ಕೂತರೆ ಮಗ, "ಯವ್ವಾ, ಚಾ ಆತನು?" ಅನ್ನುತ್ತಾನೆ. ಅವನದು ಬಾಡಿಗೆ ಗಾಡಿ, ಹೊರಡುವ ಮುಂಚೆ ಒಂದು ಚಾ, ಬಂದ ಮೇಲೆ ಒಂದು. ಅಡುಗೆಮನೆಯಲ್ಲಿ ಕೂತರೆ ಪಕ್ಕದ ಮನೆಯವಳು ಹೆಪ್ಪು ಕೇಳಲು ಬಂದು, ಹೆಪ್ಪು ಮರೆತು ಊರ ಸುದ್ದಿ ಹರವುತ್ತಾಳೆ. ಆಡು ಹಗ್ಗ ಬಿಚ್ಚಿಕೊಂಡು ಒಣಹಾಕಿದ ಶೇಂಗಾಕ್ಕೆ ಬಾಯಿ ಹಾಕುವುದೂ ಅದೇ ಹೊತ್ತಿಗೆ. ಒಂದು ವಿಚಿತ್ರ ಕಂಡುಕೊಂಡೆ. ಕೈಯಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದರೆ ಎಲ್ಲರೂ ಸರಿದು ಹೋಗುತ್ತಾರೆ. ಕೈಯಲ್ಲಿ ಫೋನು ಕಂಡರೆ, ಪಾಪ ಮುದುಕಿ ಖಾಲಿ ಕೂತಿದ್ದಾಳೆ ಅಂತ ಕೆಲಸ ಹೇಳುತ್ತಾರೆ. ಅಷ್ಟರಲ್ಲಿ ನಾಲಿಗೆಯ ತುದಿಗೆ ಬಂದ ಸಾಲು ಹೊರಟುಹೋಗಿರುತ್ತದೆ.

ಆಗಲೇ ನನಗೆ ಹಳೆಯ ಮೂರು ದಿನ ನೆನಪಾದವು. ನಮ್ಮ ಅತ್ತೆಯ ಕಾಲದಲ್ಲಿ ತಿಂಗಳು ತಿಂಗಳು ಮೂರು ದಿನ ಹೆಂಗಸರು ಹಿತ್ತಿಲ ಕೊಟ್ಟಿಗೆಯಲ್ಲಿ ಹೊರಗೆ ಕೂಡಬೇಕಿತ್ತು. ಒಲೆ ಮುಟ್ಟುವಂತಿಲ್ಲ, ಕೊಡ ಮುಟ್ಟುವಂತಿಲ್ಲ. ಅದೇನು ಒಳ್ಳೆಯ ಪದ್ಧತಿ ಅನ್ನುವುದಿಲ್ಲ. ಚಳಿಯಲ್ಲಿ ಚೀಲದ ಮೇಲೆ ಮಲಗಬೇಕು, ನೀರನ್ನು ಮೇಲಿಂದ ಕೈಗೆ ಸುರಿಯುತ್ತಿದ್ದರು, ನಾಯಿಗೆ ಸುರಿದ ಹಾಗೆ. ಸೊಸೆ ಬಂದ ವರ್ಷವೇ ನಮ್ಮ ಮನೆಯಲ್ಲಿ ಅದನ್ನು ನಿಲ್ಲಿಸಿದವಳು ನಾನು. ಆದರೆ ಸುಳ್ಳು ಯಾಕೆ ಹೇಳಲಿ, ಆ ಮೂರು ದಿನ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ನನ್ನ ಒಳ್ಳೆಯ ಹಾಡುಗಳೆಲ್ಲ ಹುಟ್ಟಿದ್ದು ಆ ಕೊಟ್ಟಿಗೆಯಲ್ಲೇ.

ಹಾಗಾಗಿ ಒಂದು ರಜೆ ದಿನ ಬೆಳಿಗ್ಗೆ, ಮೊದಲು ಹೇಳಿದ ಆ ಮಾತು ಹೇಳಿ, ಚೀಲ ಒಂದು ಕೈಯಲ್ಲಿ, ಫೋನು ಒಂದು ಕೈಯಲ್ಲಿ, ಕೊಟ್ಟಿಗೆಗೆ ಹೋಗಿ ಕೂತುಬಿಟ್ಟೆ. ಸೊಸೆ ನಗುತ್ತಾಳೆ ಅಂದುಕೊಂಡಿದ್ದೆ.

ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮುಂದೆ ಕುಕ್ಕರಗಾಲಲ್ಲಿ ಕೂತು, ದನಿ ತಗ್ಗಿಸಿ ಕೇಳಿದಳು.

"ಅತ್ತೀ, ಯಾವಾಗಿಂದ್ರಿ? ಭಾಳ ಹೊಂಟೈತೇನ್ರಿ? ನನಗ ಯಾಕ ಹೇಳ್ಲಿಲ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ತಿರುಗಿ ಕೂಗಿದಳು. "ಏನ್ರೀ, ಗಾಡಿ ತೆಗೀರಿ! ಅತ್ತೀನ್ನ ಕುಷ್ಟಗಿ ದವಾಖಾನಿಗೆ ಕರ್ಕೊಂಡು ಹೋಗೂದೈತಿ!"

ಮುಟ್ಟು ನಿಂತು ವರ್ಷಗಟ್ಟಲೆ ಆದ ಮೇಲೆ ಮತ್ತೆ ಕಂಡರೆ ಅದು ಕೆಟ್ಟ ಬ್ಯಾನಿಯ ಗುರುತು ಇರಬಹುದು ಅಂತ ನರ್ಸಬಾಯಿ ಮನೆಮನೆಗೆ ಹೇಳಿ ಹೋಗಿದ್ದಳಂತೆ. ನನ್ನ ತಲೆಗೆ ಅದು ಹೊಳೆದಿರಲೇ ಇಲ್ಲ. ಅವಳು ಆಗಲೇ ನನ್ನ ಮುಂಗೈ ಹಿಡಿದು ಮೇಲೆಬ್ಬಿಸಲು ನೋಡುತ್ತಿದ್ದಳು. ನನ್ನ ಕುಚೇಷ್ಟೆಯೆಲ್ಲ ಅಲ್ಲೇ ಇಳಿದುಹೋಯಿತು.

"ಏ ಹುಚ್ಚಿ, ಏನೂ ಆಗಿಲ್ಲ. ಚಲೋ ಅದೀನಿ. ಹಾಡು ಹಾಕೂದಿತ್ತು, ಯಾರೂ ಕೂಡಾಕ ಬಿಡ್ಲಿಲ್ಲ, ಅದಕ್ಕ..."

ಸೊಸೆ ನನ್ನನ್ನು ನೋಡಿದಳು, ಫೋನನ್ನು ನೋಡಿದಳು. ಆಮೇಲೆ ಹಿಟ್ಟಿನ ಕೈಯಿಂದಲೇ ಹಣೆ ಹಣೆ ಬಡಿದುಕೊಂಡಳು.

"ನನ್ನ ಜೀವ ಹೋಗಿ ಬಂತಲ್ರೀ! ನನ್ನ ಮೂರು ದಿನ ಕಸ್ಕೊಂಡು ಈಗ ನೀವ ಕೂತ್ರೇನು?"

ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, ಸೆರಗಿನಿಂದ ಎರಡನ್ನೂ ಒರೆಸಿಕೊಂಡಳು. ಅಷ್ಟರಲ್ಲಿ ಮಗ ಗಾಡಿಯ ಕೀಲಿ ಹಿಡಿದು ಬಾಗಿಲಲ್ಲಿ ನಿಂತ. "ಏನಾತು ಯವ್ವಗ?"

"ನಿಮ್ಮವ್ವಗ ಹಾಡಿನ ಬ್ಯಾನಿ ಹತ್ತೈತಿ," ಅಂದಳು ಸೊಸೆ. "ಗಾಡಿ ಅಲ್ಲೇ ಇರ್ಲಿ ಬಿಡ್ರಿ. ಇವತ್ತ ಚಾ ನೀವ ಮಾಡ್ಕೊಳ್ರಿ."

ಅವತ್ತಿನಿಂದ ಅವಳು ಸಾಲೆಯಿಂದ ಬಂದ ಮೇಲೆ ದೀಪ ಹಚ್ಚುವ ಹೊತ್ತಿನವರೆಗೆ ಕೊಟ್ಟಿಗೆ ನನ್ನದು. ಎತ್ತುಗಳಿಲ್ಲದ ಕೊಟ್ಟಿಗೆ, ಆಡು ಒಂದು ಮೂಲೆಗೆ, ನಾನು ಒಂದು ಮೂಲೆಗೆ. ನಡುವೆ ಹಳೆಯ ಸೀರೆಯೊಂದನ್ನು ಪರದೆ ಕಟ್ಟಿದ್ದಾಳೆ. ಹೆಪ್ಪಿನವಳು ಬಂದರೆ ಬಾಗಿಲಲ್ಲೇ ತಡೆದು, "ಅತ್ತಿ ಹೊರಗ ಕೂತಾರ್ರಿ" ಅನ್ನುತ್ತಾಳೆ. ಅವಳು ಕಣ್ಣು ಕಣ್ಣು ಬಿಟ್ಟು, ಕೇಳಲೂ ಆಗದೆ, ಬಿಡಲೂ ಆಗದೆ ಹೆಪ್ಪು ಇಸಿದುಕೊಂಡು ಹೋಗುತ್ತಾಳೆ. ಓಣಿಯಲ್ಲಿ ನನ್ನ ಬಗ್ಗೆ ಏನೇನು ಸುದ್ದಿ ಹರಿದಾಡುತ್ತಿದೆಯೋ, ದೇವರೇ ಬಲ್ಲ.

ಹೊತ್ತು ಸಿಕ್ಕಿತು, ಜಾಗ ಸಿಕ್ಕಿತು. ಹೋದ ಸಾಲು ಬರಬೇಕಲ್ಲ? ಮೊನ್ನೆ ಒಂದು ಹಾಡು ನೆನಪಾಯಿತು. ಎರಡು ಸಾಲು ಹಾಕಿದೆ, ಮೂರನೆಯದು ಇಲ್ಲ. ಆಡಿನ ಮುಖ ನೋಡಿದೆ, ಅದಕ್ಕೂ ಗೊತ್ತಿಲ್ಲ. ದನಿ ತೆಗೆದು ಹಾಡಿದರೆ ಬಂದೀತು ಅಂತ ಹಾಡಿದೆ.

"ಹೊಸ ಸೊಸಿ ಬಂದಾಳ, ರೊಟ್ಟೀಯ ಬಡಿದಾಳ,
ಹಂಚಿನ ತುಂಬ ನಕಾಶಿ..."

ಮತ್ತೆ ಹಾಡಿದೆ. ನಕಾಶೆಯ ಮುಂದೆ ಬರೀ ಕತ್ತಲೆ. ಆಗ ಅಡುಗೆಮನೆಯಿಂದ, ನನ್ನದೇ ಧಾಟಿಯಲ್ಲಿ, ಎಳೆದು ಎಳೆದು ಒಂದು ದನಿ ಬಂತು.

"...ಸರ್ವೇದವರ್ನ ಕರಿಸಿರೇ, ಗಡಿಕಲ್ಲು ನೆಡಿಸಿರೇ!"

ಅದೇ! ಅದೇ ಸಾಲು! ನಾನು ಪರದೆ ಸರಿಸಿ ತಲೆ ಹೊರಗೆ ಹಾಕಿದೆ.

"ಏಯವ್ವಾ, ಕಟ್ಟಿದಾಕಿಗೇ ಮರ್ತೈತಿ, ನಿನಗ ಹೆಂಗ ನೆನಪುಳೀತು?"

"ಬೈದವ್ರು ಮರೀಬಹುದ್ರಿ ಅತ್ತಿ, ಬೈಸ್ಕೊಂಡಾಕಿ ಹೆಂಗ ಮರೀತಾಳ? ಲಗೂನ ಹಾಕ್ರಿ, ನನ್ನ ಮ್ಯಾಲ ಕಟ್ಟಿದ್ವು ಇನ್ನೂ ಭಾಳ ಅದಾವು!"